ಯಾರದೂ ಅಲ್ಲದ ಸಾಮಾನು

ಮನೆ ಭಾಗವಾಗಿ ಎಲ್ಲರೂ ಬೇರೆ ಹೋದ ಮೇಲೂ ನಾನು ಹಳೆಯ ದೊಡ್ಡ ಪಾತ್ರೆಯಲ್ಲೇ ಅನ್ನಕ್ಕಿಡುತ್ತಿದ್ದೆ. ತಿನ್ನುವವರು ನಾನು ಮತ್ತು ನನ್ನ ಗಂಡ, ಇಬ್ಬರೇ. ಮಿಕ್ಕ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಬಡಿಸುತ್ತಿದ್ದೆ. ಒಂದು ದಿನ ಅವರು ತಟ್ಟೆ ನೋಡಿ, "ಇವತ್ತೂ ಚಿತ್ರಾನ್ನಾನಾ?" ಅಂದರು.

"ಅನ್ನ ಮಿಕ್ತು."

"ದಿನಾ ಯಾಕ್ ಮಿಗುತ್ತೆ? ಚಿಕ್ಕದ್ರಲ್ಲಿ ಮಾಡು ಕಣಮ್ಮಿ."

ಅಷ್ಟು ಹೇಳಿ ತಾವು ಓಡಿಸುವ ನೀರಿನ ಟ್ಯಾಂಕರ್ ತೆಗೆದುಕೊಂಡು ಹೋದರು. ಚಿಕ್ಕದು ಯಾವುದಿದೆ ಎಂದು ಅಡುಗೆಮನೆಯೆಲ್ಲ ಹುಡುಕಿದೆ. ಇಬ್ಬರಿಗೆ ಸರಿಹೋಗುವಂಥ ಒಂದು ಪಾತ್ರೆಯೂ ಅಲ್ಲಿರಲಿಲ್ಲ.

ನಮ್ಮದು ಸರ್ಜಾಪುರ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ಕೆರೆ ಪಕ್ಕದ ನಮ್ಮ ಹೊಲ ಅಪಾರ್ಟ್‌ಮೆಂಟ್ ಆಯಿತು. ಅತ್ತೆ ಇರುವವರೆಗೆ ನಾಲ್ವರು ಅಣ್ಣತಮ್ಮಂದಿರು ಒಂದೇ ಒಲೆಯ ಅಡುಗೆ ಉಂಡರು. ಅತ್ತೆ ತೀರಿಕೊಂಡ ಮಾರನೆಯ ವರ್ಷ ಶ್ರಾವಣ ಹುಟ್ಟುತ್ತಿದ್ದಂತೆ ಮೂವರು ಮೈದುನಂದಿರ ಹೊಸ ಮನೆಗಳ ಗೃಹಪ್ರವೇಶ ಒಂದರ ಹಿಂದೊಂದು ಮುಗಿದುಹೋಯಿತು. ನನ್ನ ಗಂಡ ಹಿರಿಯರು, ನಮ್ಮ ಪಾಲಿಗೆ ಹಳೆಯ ಮನೆ ಬಂತು. ಮಗಳು ಅಷ್ಟರಲ್ಲಾಗಲೇ ಮದುವೆಯಾಗಿ ಹೊಸಕೋಟೆಗೆ ಹೋಗಿದ್ದಳು.

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಗಳಿಗೆ ಸದ್ದಿಲ್ಲದೆ ಕೂತರೆ ಸಾಕು ಎಂದು ಆಸೆಪಟ್ಟವಳು ನಾನು. ಈಗ ಬೇಕಾದಷ್ಟು ಮೌನವಿತ್ತು. ಅಳುವೂ ಬರಲಿಲ್ಲ, ಹಾಯಾಗಿಯೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ನಮ್ಮದೇ ಅಲ್ಲವೇನೋ ಅನ್ನಿಸುತ್ತದಲ್ಲ, ಹಾಗೆ ಇದ್ದೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ಅಷ್ಟೇ.

ಚಿಕ್ಕ ಪಾತ್ರೆಗಾಗಿ ಅಟ್ಟ ಹತ್ತಿದೆ. ಮಗಳು ಕೂಸಾಗಿದ್ದಾಗ ಹಾಲು ಕಾಯಿಸುತ್ತಿದ್ದ ಪಾತ್ರೆ ಸಿಕ್ಕಿತು. ಅದರ ಸುತ್ತ ಏನೇನಿತ್ತು ಎಂದರೆ, ಪಾತ್ರೆಯಿಲ್ಲದ ಮುಚ್ಚಳಗಳು, ಹಿಡಿ ಹೋದ ಸೌಟುಗಳು, ಈಗ ರಾಗಿಯೇ ಬೆಳೆಯದ ಮನೆಯಲ್ಲಿ ರಾಗಿಚೀಲದ ಕಂತೆಗಳು. ಮುಚ್ಚಳಗಳನ್ನು ಅವತ್ತೇ ಕೆಳಗಿಳಿಸಿ ಗುಜರಿಯವನಿಗೆ ಕೊಟ್ಟೆ. ಇಬ್ಬರಿಗೆ ಬೇಕಾದಷ್ಟೇ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಎಷ್ಟು ನೀರಿಡಬೇಕು ಎಂದು ಕೈಗೆ ತಿಳಿಯಲಿಲ್ಲ, ಅನ್ನ ಮುದ್ದೆಯಾಯಿತು. ಅವರು ಅದಕ್ಕೇ ಸಾರು ಹಾಕಿಸಿಕೊಂಡು ಉಂಡರು.

ಆಮೇಲೆ ಮಧ್ಯಾಹ್ನ ಕೈ ಬಿಡುವಾದಾಗ ಒಂದು ಗೂಡೋ ಒಂದು ಪೆಟ್ಟಿಗೆಯೋ ತೆಗೆದುಕೊಂಡು ಕೂರುತ್ತಿದ್ದೆ. ಯಾಕೆ ಮಾಡುತ್ತಿದ್ದೇನೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ನನ್ನ ಸೀರೆಗಳಲ್ಲಿ ಉಡದವನ್ನು ಹಿತ್ತಿಲ ಬಾಡಿಗೆ ರೂಮಿನ ಹೆಂಗಸಿಗೆ ಕೊಟ್ಟೆ. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು.

"ಛಲೋ ಅದಾವಲ್ರೀ ಅಕ್ಕಾ, ಯಾಕ್ ಕೊಡಾಕತ್ತೀರಿ?"

"ಉಡಲ್ಲಮ್ಮ."

"ನಾಳಿಗಿ ಬೇಕನ್ಸಿದ್ರ?"

"ಅನ್ಸಲ್ಲ."

ಮುಂದೊಂದು ದಿನ ಅವಳು ಒಂದು ಹಸಿರು ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ಕೆಲಸಕ್ಕೆ ಹೊರಟಿದ್ದಳು. ಅದು ನನ್ನ ಸೀರೆ ಎಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ನನ್ನದನ್ನು ಕೊಡುವುದು ಸುಲಭವಿತ್ತು. ಕಷ್ಟವಾದದ್ದು ಎಲ್ಲರ ಸಾಮಾನು. ಮೈದುನಂದಿರು ಹೊಸ ಮನೆಗೆ ಎಲ್ಲವನ್ನೂ ಹೊಸದಾಗಿ ಕೊಂಡು, ಹಳೆಯ ಫ್ರಿಜ್ಜು, ಶೋಕೇಸು, ಗ್ರೈಂಡರ್, ಮದುವೆ ಮದುವೆಗೂ ಬಂದ ಸ್ಟೀಲು, ಅತ್ತೆಯ ಹಬ್ಬದಡುಗೆಯ ದೊಡ್ಡ ಕೊಳದಪ್ಪಲೆ ಎಲ್ಲವನ್ನೂ ನಡುಮನೆಯಲ್ಲೇ ಬಿಟ್ಟಿದ್ದರು. ಓಡಾಡಬೇಕಾದರೆ ಮೈ ವಾರೆ ಮಾಡಬೇಕಿತ್ತು. ನನ್ನ ಗಂಡ ಗ್ರೈಂಡರಿಗೆ ಕಾಲು ತಾಗಿಸಿಕೊಂಡು ಹೆಬ್ಬೆರಳ ಉಗುರು ಕಳೆದುಕೊಂಡ ದಿನ ನಾನು ಎರಡನೆಯ ಮೈದುನನಿಗೆ ಫೋನ್ ಮಾಡಿದೆ.

"ಯಾರ್ಗೂ ಕೊಡ್ಬ್ಯಾಡಿ ಅತ್ತಿಗೆ, ಅಂಗೇ ಇರ್ಲಿ. ಅಮ್ಮಂದು."

"ಅಂಗಾದ್ರೆ ನೀನೇ ತಗಂಡೋಗಪ್ಪ."

"ನಮ್ಮನೇಲಿ ಜಾಗ ಎಲ್ಲೈತೆ?"

ಅವನದು ಮೂರಂತಸ್ತಿನ ಮನೆ. ನಾನು ಫೋನ್ ಇಟ್ಟೆ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸಿದೆ.

ಆ ಬೆಳಿಗ್ಗೆ ನಾನೂ ಅವರೂ ಸೇರಿ ಅಷ್ಟನ್ನೂ ಅಂಗಳಕ್ಕೆ ಹೊತ್ತು ಹಾಕಿದೆವು. ಬಂದವರು ಬಾಗಿಲಲ್ಲೇ ನಿಂತರು. ಬಿಸಿಲಿಗೆ ಇಟ್ಟಾಗ ಎಲ್ಲವೂ ಬಹಳ ಹಳೆಯದಾಗಿ ಕಾಣುತ್ತಿತ್ತು. ಇದು ಯಾರ ಮದುವೇಲಿ ಬಂದದ್ದು, ಇದರ ಕಿವಿ ಯಾರು ಮುರಿದದ್ದು ಎಂದು ಮಾತಾಡಿದರು, ಸ್ವಲ್ಪ ನಕ್ಕರು. ಯಾರೂ ಏನನ್ನೂ ಎತ್ತಿಕೊಳ್ಳಲಿಲ್ಲ.

ಚಿಕ್ಕ ವಾರಗಿತ್ತಿ ಮಾತ್ರ ಅತ್ತೆಯ ಮುದ್ದೆ ಕೋಲನ್ನು ಕೈಗೆ ತೆಗೆದುಕೊಂಡಳು. "ಹೊಸ್ದಾಗಿ ಬಂದಾಗ ಇದ್ರಲ್ಲೇ ನನ್ ಕೈಗೆ ಒಂದೇಟು ಬಿಟ್ಟಿದ್ರು" ಅಂದಳು. ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದಳು. "ತಗೊಂಡೋಗ್ಲಾ ಅಕ್ಕ?"

"ಹೊಡ್ಸ್ಕೊಂಡಿದ್ದು ನೀನಲ್ವಾ, ತಗೋ."

ಅವಳು ನಗಲು ಹೋಗಿ ಮುಖ ತಿರುಗಿಸಿಕೊಂಡಳು. ನಾನು ಸಾರು ಕುದಿಯುತ್ತಿದೆ ಎಂದು ಒಳಗೆ ಹೋದೆ. ಅವತ್ತು ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟಿದ್ದೆ, ನೀರು ಹದವಾಗಿಯೇ ಬಿದ್ದಿತ್ತು. ಊಟವಾಗಿ ಎಲೆಯಡಿಕೆ ಹಾಕಿಕೊಂಡ ಮೇಲೆ ಎರಡನೆಯ ಮೈದುನ ಚಪ್ಪಲಿ ಮೆಟ್ಟುತ್ತ, ಎತ್ತಲೋ ನೋಡಿಕೊಂಡು, "ಮಿಕ್ಕಿದ್ ನೀವೇ ಏನಾರಾ ಮಾಡಿ ಅತ್ತಿಗೆ, ನಾವ್ ಕೇಳಕಿಲ್ಲ" ಅಂದ. ಚಿಕ್ಕ ವಾರಗಿತ್ತಿ ಸ್ಕೂಟರ್ ಹಿಂದೆ ಕೂತು ಹೋದಳು. ಕೋಲು ಅವಳ ವ್ಯಾನಿಟಿ ಬ್ಯಾಗಿನಿಂದ ಅರ್ಧ ಹೊರಗೆ ಚಾಚಿಕೊಂಡಿತ್ತು.

ಮಾರನೆಯ ದಿನ ಹಿತ್ತಿಲ ರೂಮಿನವರು ತಮಗೆ ಬೇಕಾದದ್ದನ್ನು ಒಯ್ದರು. ಕೊಳದಪ್ಪಲೆ ಊರ ದೇವಸ್ಥಾನಕ್ಕೆ ಹೋಯಿತು. ಉಳಿದದ್ದಕ್ಕೆ ಗುಜರಿಯ ಟೆಂಪೋ ಬಂತು. ಎಲ್ಲ ಏರಿಸಿದ ಮೇಲೆ ನನ್ನ ಗಂಡ ದನದ ಕೊಟ್ಟಿಗೆಗೆ ಹೋಗಿ, ಮೂಲೆಯಲ್ಲಿದ್ದ ಕೂರಿಗೆಯನ್ನು ತಾವೇ ಹೊತ್ತು ತಂದರು. ಅವರ ಅಪ್ಪ ಬಿತ್ತನೆಗೆ ಇಟ್ಟುಕೊಂಡಿದ್ದು. ನಾನು ಅದನ್ನು ಮುಟ್ಟಿರಲಿಲ್ಲ.

"ಇದೂನಾ?" ಎಂದು ಕೇಳಿದೆ.

"ಇನ್ನೆಲ್ಲಿ ಬಿತ್ತಾನ?"

ಟೆಂಪೋ ಹೋದ ಮೇಲೂ ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿದ್ದು, ಆಮೇಲೆ ಟ್ಯಾಂಕರ್ ಹತ್ತಿದರು.

ನಡುಮನೆ ಗುಡಿಸಿ ಒರೆಸಿದೆ. ಬೇಗ ಮುಗಿದುಹೋಯಿತು. ಕಸ, ಪಾತ್ರೆ, ಧೂಳು ಎಲ್ಲ ಸೇರಿ ನನ್ನ ದಿನವನ್ನು ತಿನ್ನುತ್ತಿದ್ದವು ಎಂದು ಆಗ ತಿಳಿಯಿತು. ಅವು ಇಲ್ಲದ ದಿನವನ್ನು ಏನು ಮಾಡುವುದು ಎಂದು ಮಾತ್ರ ತಿಳಿಯಲಿಲ್ಲ. ಮನಸ್ಸು ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನೆಲ ಕಾಣುತ್ತಿತ್ತು, ಅಷ್ಟಂತೂ ನಿಜ.

ಅವರೆಕಾಯಿ ಕಾಲದಲ್ಲಿ ಚಿಕ್ಕ ವಾರಗಿತ್ತಿ ಒಂದು ಮಧ್ಯಾಹ್ನ ಒಬ್ಬಳೇ ಬಂದಳು. ಏನೋ ಕೆಲಸವಿದೆ ಅಂದುಕೊಂಡೆ. ಕೆಲಸವೇನೂ ಇರಲಿಲ್ಲ. ನಡುಮನೆಯಲ್ಲಿ ಕಾಲು ಚಾಚಿ ಕೂತಳು, ಆಮೇಲೆ ಸೆರಗು ಹಾಸಿ ಮಲಗಿದಳು.

"ತಣ್ಣಗೈತೆ ಅಕ್ಕ ಇಲ್ಲಿ."

"ಮಲ್ಕೋ."

ಅವಳಿಗೆ ನಿದ್ದೆ ಹತ್ತಿತು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದೆ. ಅವಳು ಏಳುವ ಹೊತ್ತಿಗೆ ಎರಡು ಲೋಟ ಕಾಫಿಗೆ ಹಾಲು ಕಾಯಲು ಇಟ್ಟಿದ್ದೆ.