ಚಿಕ್ಕಮ್ಮನಿಗೆ ಮಾತ್ರ ಕೇಳಿಸುವ ದೇವರು

ನಮ್ಮ ದೊಡ್ಡಮ್ಮನಿಗೆ ಚರ್ಚಿನ ಸಭೆಯಲ್ಲಿ ಮೈಕಮ್ಮ ಅಂತ ಅಡ್ಡಹೆಸರು. ಮೈಕೇ ಬೇಡದವಳು ಎಂಬ ಅರ್ಥದಲ್ಲಿ. ಪ್ರಾರ್ಥನಾಕೂಟದಲ್ಲಿ ಅವಳು "ಕರ್ತನೇ" ಎಂದು ಶುರು ಹಚ್ಚಿಕೊಂಡರೆ ಕಾಯಿಲೆಯವರು, ಕೆಲಸವಿಲ್ಲದವರು, ಮದುವೆಯಾಗದವರು, ಮದುವೆಯಾಗಿ ಗೋಳಾಡುವವರು, ಒಬ್ಬರನ್ನೂ ಬಿಡದೆ ದೇವರ ಮುಂದೆ ನಿಲ್ಲಿಸಿ ವಕಾಲತ್ತು ವಹಿಸುತ್ತಿದ್ದಳು. ಆಮೆನ್ ಎನ್ನುವ ಹೊತ್ತಿಗೆ ಹಿಂದಿನ ಮೇಜಿನ ಮೇಲಿನ ಚಹಾ ತಣ್ಣಗಾಗಿರುತ್ತಿತ್ತು. ಆದರೂ ಚೆನ್ನಾಗಿಯೇ ಮಾಡುತ್ತಿದ್ದಳು, ಸುಳ್ಳು ಹೇಳಬಾರದು. ಅದು ಅವಳಿಗೂ ಗೊತ್ತಿತ್ತು.

ಚಿಕ್ಕಮ್ಮ ಇದಕ್ಕೆ ಪೂರ್ತಿ ಉಲ್ಟಾ. ನಾಲ್ಕು ಜನರ ಎದುರು ಬಾಯಿ ತೆರೆದರೆ ನಾಲಿಗೆ ತೊಡರುತ್ತಿತ್ತು. ಪ್ರಾರ್ಥನೆಯ ಸರದಿ ಬಂದರೆ ಪಕ್ಕದವರಿಗೆ ಮೊಣಕೈಯಿಂದ ತಿವಿದು ದಾಟಿಸಿಬಿಡುವವಳು. ಒಂದೇ ಮನೆಯ ಈ ಹಿರಿಸೊಸೆ, ಕಿರಿಸೊಸೆ ಸೇರಿ ಸಮವಸ್ತ್ರ ಹೊಲಿಯುವ ಅಂಗಡಿ ನಡೆಸುತ್ತಿದ್ದರು. ನರ್ಸುಗಳ ಅಂಗಿ, ಹೋಟೆಲಿನವರ ಕೋಟು, ಶಾಲೆಯ ಚಡ್ಡಿ. ದೊಡ್ಡಮ್ಮ ಬಟ್ಟೆ ಕತ್ತರಿಸುವವಳು, ಚಿಕ್ಕಮ್ಮ ಹೊಲಿದು ಕಾಜಾ ಹಾಕುವವಳು, ಇಸ್ತ್ರಿ ನನ್ನ ಪಾಲು. ಮಧ್ಯಾಹ್ನ ಊಟಕ್ಕೆ ಕೂತರೆ ದೊಡ್ಡಮ್ಮ ತನ್ನ ಮೊಟ್ಟೆಯಲ್ಲಿ ಅರ್ಧ ಮುರಿದು ಕೇಳದೆಯೇ ಚಿಕ್ಕಮ್ಮನ ತಟ್ಟೆಗೆ ಹಾಕುತ್ತಿದ್ದಳು.

ಹೊಸ ಪಾಸ್ಟರ್ ಬಂದರು, ಎಲ್ಲ ಕೆಟ್ಟಿತು.

"ನಮ್ಮ ಪ್ರಾರ್ಥನೆ ಹೇಗಾಗಿದೆ ಅಂದ್ರೆ, ಬಾಗಿಲು ತಟ್ಟೋದು, ಒಳಗಿನವರು ಎದ್ದು ಬರೋಕೆ ಮುಂಚೆ ಓಡಿಹೋಗೋದು," ಎಂದರು ಅವರು. "ಇನ್ಮೇಲೆ ಆಮೆನ್ ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು ಕೇಳಿಸ್ಕೊಳ್ಳೋಣ. ಯಾರಿಗಾದ್ರೂ ಏನಾದ್ರೂ ಕೇಳಿಸಿದ್ರೆ ಹೇಳಿ."

ಮೊದಲ ವಾರ ನಿವೃತ್ತ ಅಂಚೆಯವರಿಗೆ ತಾಳ್ಮೆಯಿಂದಿರು ಎಂದು ಕೇಳಿಸಿತು. ಅವರ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದದ್ದೂ ಅದನ್ನೇ. ಆಮೇಲೆ ಚಿಕ್ಕಮ್ಮ ತಲೆಯೆತ್ತಿ, ಇತ್ತೀಚೆಗೆ ಗಂಡನನ್ನು ಕಳೆದುಕೊಂಡಿದ್ದ ಟೀಚರಮ್ಮನ ಕಡೆ ನೋಡಿದಳು. "ನೀವು ದೇವರ ಮೇಲೆ ಸಿಟ್ಟಾಗಿದ್ದೀರಂತೆ. ಪರವಾಗಿಲ್ವಂತೆ. ಬೈಬೇಕು ಅನ್ಸಿದ್ರೆ ಬೈಬೇಕಂತೆ, ಕೇಳಿಸ್ಕೋತಾನಂತೆ," ಎಂದಳು. ಟೀಚರಮ್ಮ ಗೊಳೋ ಎಂದು ಅತ್ತುಬಿಟ್ಟರು. ಅವತ್ತಿನಿಂದ ಕೂಟ ಮುಗಿದರೆ ಜನ ಚಿಕ್ಕಮ್ಮನ ಸುತ್ತ. ದೊಡ್ಡಮ್ಮ ಒಬ್ಬಳೇ ಕುರ್ಚಿ ಜೋಡಿಸುತ್ತ ನಿಲ್ಲುತ್ತಿದ್ದಳು.

ಹೊಟ್ಟೆಕಿಚ್ಚು ಅಂದರೆ ಅದು. "ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು ನಾನು. ಅವನು ಬಾಯಿ ಬಿಟ್ಟಿದ್ದು ಅವಳ ಹತ್ರ!" ಎಂದು ನನ್ನೆದುರು ಉರಿದುಬಿದ್ದಳು. ನನಗೂ ಉರಿಯಿತು, ಯಾಕೆ ಮುಚ್ಚಿಡಲಿ. ದೇವರಾದರೇನು, ಸ್ವಲ್ಪ ಹಿರಿತನ ನೋಡಬೇಡವೇ?

ಅಂಗಡಿ ತೆರೆಯುವ ಮುಂಚೆ ಅವಳು ಕಟಿಂಗ್ ಟೇಬಲ್ಲಿನ ಮುಂದೆ ಕಣ್ಣು ಮುಚ್ಚಿ ಕೂರತೊಡಗಿದಳು. ಬಾಕಿ ಆರ್ಡರುಗಳು ನೆನಪಾಗುತ್ತಿದ್ದವು, ಮಂಡಿ ನೋಯುತ್ತಿತ್ತು, ಅವೆರಡೂ ಬಿಟ್ಟರೆ ಚಿಕ್ಕಮ್ಮನ ಮುಖ ಬಂದು ನಿಲ್ಲುತ್ತಿತ್ತು. "ಏನಾದ್ರೂ ಹೇಳಿದ್ನಾ?" ಎಂದು ನಾನು ಕೇಳಿದರೆ "ಇಸ್ತ್ರಿ ಸುಡ್ತಿದೆ, ನೋಡ್ಕೋ" ಎಂದು ಗದರುವಳು.

ಕೊನೆಗೆ ಚಿಕ್ಕಮ್ಮನ ಜೊತೆ ಮಾತನ್ನೇ ಬಿಟ್ಟಳು. "ಅವಳಿಗೆ ಹೇಳು, ಈ ಕಾಲರ್ ಬಿಚ್ಚಿ ಮತ್ತೆ ಹಾಕ್ಬೇಕು ಅಂತ," ಎಂದು ನನಗೆ ಅಪ್ಪಣೆ. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದ ಚಿಕ್ಕಮ್ಮ ನಾನು ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆ ಬಿಚ್ಚಲು ಶುರು ಮಾಡಿರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಕ್ಕಾ, ನಾನೇನು ತಪ್ಪು ಮಾಡ್ದೆ?"

"ದೇವರನ್ನೇ ಕೇಳು. ನಿಂಗೆ ಎಲ್ಲಾ ಹೇಳ್ತಾನಲ್ಲ."

ಚಿಕ್ಕಮ್ಮನ ಮಶೀನು ಆ ಮಧ್ಯಾಹ್ನವೆಲ್ಲ ಎಡವುತ್ತಲೇ ಓಡಿತು.

ಆ ವಾರದ ಕೂಟದಲ್ಲಿ ದೊಡ್ಡಮ್ಮ ಬೇಕೆಂದೇ ಚಿಕ್ಕಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಇವಳು ಹೇಗೆ ಕೇಳಿಸಿಕೊಳ್ಳುತ್ತಾಳೆ, ಕೈ ಹೇಗಿಡುತ್ತಾಳೆ, ಕಂಡುಹಿಡಿದೇ ತೀರಬೇಕು ಎಂಬ ಹಟ. ನಾನು ಹಿಂದಿನ ಸಾಲಿನಲ್ಲಿದ್ದೆ. ಎಲ್ಲರೂ ಮೌನವಾದಾಗ ದೊಡ್ಡಮ್ಮ ಒಂದು ಕಣ್ಣು ತೆರೆದಳು. ಚಿಕ್ಕಮ್ಮನ ತುಟಿ ಅಲ್ಲಾಡುತ್ತಿತ್ತು. ದೊಡ್ಡಮ್ಮ ಕುರ್ಚಿ ಕಿರುಗುಟ್ಟದಂತೆ ಮೆಲ್ಲಗೆ ವಾಲಿ ಕಿವಿಗೊಟ್ಟಳು. ವಾಲಿದವಳು ಹಾಗೇ ಇದ್ದುಬಿಟ್ಟಳು.

"ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?" ಎಂದು ಪಾಸ್ಟರ್ ಕೇಳಿದಾಗ ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಂಗೆ ಕೇಳಿಸ್ತು," ಎಂದಳು ದೊಡ್ಡಮ್ಮ.

"ಏನು ಕೇಳಿಸ್ತಮ್ಮಾ?"

ದೊಡ್ಡಮ್ಮ ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಮೈಕಮ್ಮನಿಗೆ ಮಾತು ಹೊರಡದ್ದನ್ನು ಸಭೆ ಅವತ್ತೇ ಮೊದಲು ಕಂಡದ್ದು. ಪಾಸ್ಟರ್ ಒತ್ತಾಯ ಮಾಡಲಿಲ್ಲ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳು ಚಿಕ್ಕಮ್ಮನ ಕಡೆ ಕೈ ಚಾಚಿ, "ಹಿಡ್ಕೊಳ್ಳೇ. ಮಂಡಿ ಹಿಡ್ಕೊಂಡಿದೆ," ಎಂದಳು. ನನ್ನ ಮೂಲಕವಲ್ಲ, ನೇರವಾಗಿ. ಚಿಕ್ಕಮ್ಮ ಎರಡೂ ಕೈಯಿಂದ ಹಿಡಿದುಕೊಂಡು ಅಳುತ್ತಲೇ ಇಳಿದಳು.

ಚಿಕ್ಕಮ್ಮ ಏನು ಪಿಸುಗುಟ್ಟುತ್ತಿದ್ದಳೆಂದು ನನಗೆ ತಿಳಿದದ್ದು ಮರುದಿನ, ಅವಳು ಗುಂಡಿ ತರಲು ಹೊರಗೆ ಹೋಗಿದ್ದಾಗ. ದೊಡ್ಡಮ್ಮ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯಿಂದ ಕಣ್ಣೆತ್ತದೆ ಹೇಳಿದಳು.

"'ಅಕ್ಕ ಯಾಕೆ ಮಾತಾಡ್ತಿಲ್ಲ ಹೇಳು ಕರ್ತನೇ. ಇನ್ಮೇಲೆ ನಂಗೇನೂ ಹೇಳ್ಬೇಡ, ಬೇಕಾದ್ರೆ ಎಲ್ಲಾ ಅವಳಿಗೇ ಹೇಳು. ಅವಳು ನನ್ನ ಹತ್ರ ಮಾತಾಡಿದ್ರೆ ಸಾಕು.' ಇದನ್ನೇ ಹೇಳ್ತಿದ್ಳು ಕಣೇ, ಮತ್ತೆ ಮತ್ತೆ. ಅದಕ್ಕೆ ಉತ್ತರ ಕೊಡ್ಬೇಕಾಗಿದ್ದೋಳು ನಾನು. ಪಕ್ಕದಲ್ಲೇ ಕೂತಿದ್ದೆ."

ನಾನು ಇಸ್ತ್ರಿ ಎತ್ತಿ ನಿಲ್ಲಿಸಿದೆ. "ಹಾಗಾದ್ರೆ ಕೊನೆಗೂ ದೇವರು ನಿನ್ನ ಹತ್ರ ಮಾತಾಡ್ದ ಅನ್ನು."

ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು.

"ಮಾತಾಡ್ದ. ಆದ್ರೆ ಅದನ್ನೂ ಅವಳ ಬಾಯಿಂದಲೇ ಹೇಳಿಸ್ಬೇಕಿತ್ತಾ?"