ಗೋಣಿ ಮರದ ಒದ್ದೆ ಎಲೆ

ಅಥವಾ ಅದು ಎಡಗಾಲೇ ಇರಬೇಕು. ಇಷ್ಟು ವರ್ಷ ಬಲಗಾಲು ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ಅವರು ನಮ್ಮ ಜಗಲಿಯ ಕಂಬಕ್ಕೆ ಬಲ ಮೊಣಕೈ ಕೊಟ್ಟು ನಿಂತು, ಇನ್ನೊಂದು ಕೈಯಲ್ಲಿ ಪಾದದ ಮುಳ್ಳು ಕೀಳುತ್ತಿದ್ದುದನ್ನು ನೆನೆದರೆ, ಎತ್ತಿ ಹಿಡಿದದ್ದು ಎಡಗಾಲೇ ಆಗಿರಬೇಕು. ಹಿಮ್ಮಡಿಯ ಬಿರುಕು ಮಾತ್ರ ಖಚಿತ. ಒಂದು ಜೋಳದ ಕಾಳು ಕೂರುವಷ್ಟು ಅಗಲ. ಅದರೊಳಗೆ ಕರಗಿಸಿ ತುಂಬಿದ ಮೇಣ ಚಳಿಗೆ ಗಟ್ಟಿಯಾಗಿ ಹಳದಿ ಗೆರೆಯಂತೆ ಕಾಣುತ್ತಿತ್ತು. ಎತ್ತರದ ಆಳು. ಹುಬ್ಬಿನಲ್ಲಿ ಹಿಂದಿನ ದಿನದ ಹಿಟ್ಟು, ಬಾಯಿಂದ ಹೊಗೆಯಂಥ ಉಸಿರು, ಅಂಗೈಯಲ್ಲಿ ಒಂದು ಎಲೆ.

ಸೂಳೆಕೆರೆಯ ಆಚೆ ಬದಿಯ ಗುಡ್ಡದ ಬುಡದಲ್ಲಿ ನನ್ನ ಗಂಡನ ಊರು. ನಾನು ಜಗಳೂರು ಕಡೆಯವಳು. ಆ ಎಲೆ ಹಿಡಿದವರು ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಎಲ್ಲರೂ ಗಿರಣಿಯವರು ಎನ್ನುತ್ತಿದ್ದರು. ದೀಪಾವಳಿ ಕಳೆದು ಚಳಿ ಕೂತ ದಿನದಿಂದ ಶಿವರಾತ್ರಿಯವರೆಗೆ, ಬೆಳಕು ಹರಿಯುವ ಮೊದಲೇ ಅವರು ಬರಿಗಾಲಲ್ಲಿ ಗುಡ್ಡ ಹತ್ತಿ ಓಡಿ, ಅದೇ ಓಟದಲ್ಲಿ ಇಳಿದು ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು. ಆರೋಗ್ಯಕ್ಕೆಂದು ಓಡುವ ಕಾಲ ಅದಲ್ಲ. ಅವರು ಓಡುತ್ತಿದ್ದುದು ನನ್ನ ಮಾವನ ಮೇಲಿನ ಹಗೆಗೆ.

ನಾನು ಸೊಸೆಯಾಗಿ ಬಂದ ಮೊದಲ ಚಳಿಗಾಲ, ತುರ್ತು ಪರಿಸ್ಥಿತಿಯ ವರ್ಷವೋ ಅದರ ಮರುವರ್ಷವೋ. ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದೆ.

"ಹೊಸ ಸೊಸೇನಾ?" ಎಂದರು.

ಹೂಂ ಎಂದೆ.

"ಇದನ್ನ ಯಜಮಾನ್ರ ಕೈಗೆ ಕೊಡವ್ವ. ಒದ್ದೆ ಐತೆ. ಒರೆಸಬ್ಯಾಡ ಮತ್ತೆ."

ಪೂಜೆಯ ಎಲೆಯಿರಬೇಕು ಎಂದುಕೊಂಡು, ಕಾಫಿ ಲೋಟದ ಪಕ್ಕ ತಟ್ಟೆಯಲ್ಲಿಟ್ಟು ಪಡಸಾಲೆಗೆ ಒಯ್ದೆ. ಹಿಂದಿನ ದಿನ ಬಂದು ಉಳಿದಿದ್ದ ಇಬ್ಬರು ನೆಂಟರು ಮಾವನ ಜೊತೆ ಕೂತಿದ್ದರು.

"ಇದೇನ್ರೀ, ಕಾಫಿ ಜತೆಗೆ ಎಲೆ? ನಿಮ್ ಕಡೆ ಹಿಂಗೇನ್ರೀ?" ಎಂದು ಒಬ್ಬರು ನಕ್ಕರು.

ಮಾವ ಎಲೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು ಕಾಫಿ ಕುಡಿದರು. ಎದ್ದಾಗ ಪಂಚೆಯ ಹಿಂಭಾಗ ಒದ್ದೆಯಾಗಿತ್ತು. ನೆಂಟರು ಗೋಡೆ ನೋಡಿದರು.

ಅಡುಗೆಮನೆಯಲ್ಲಿ ಅತ್ತೆ ನನ್ನ ರಟ್ಟೆ ಚಿವುಟಿದರು. "ಬುದ್ಧಿ ಐತೇನೇ ನಿಂಗೆ? ಅದನ್ನ ಎತ್ತಿ ಎಮ್ಮೆಗೆ ಹಾಕೋದು, ಒಳಗ್ ತರೋದಲ್ಲ!" ಆಮೇಲೆ ಒಲೆಯ ಮುಂದೆ ಕೂತು ದನಿ ತಗ್ಗಿಸಿ ಹೇಳಿದರು.

ಮಾವ, ಗಿರಣಿಯವರು ಇಬ್ಬರೂ ಹುಡುಗರಾಗಿದ್ದಾಗ ಊರಲ್ಲಿ ಸಂಕ್ರಾಂತಿಯ ಬೆಳಗ್ಗೆ ಗುಡ್ಡದ ಓಟ ಇಡುತ್ತಿದ್ದರಂತೆ. ಗುಡ್ಡದ ನೆತ್ತಿಯಲ್ಲಿ ಬಸವಣ್ಣನ ಸಣ್ಣ ಗುಡಿ, ಅದರ ಮುಂದೆ ಆಲದ ಜಾತಿಯ ಒಂದು ಗೋಣಿ ಮರ. ಸುತ್ತಮುತ್ತ ಅಂಥ ಮರ ಮತ್ತೊಂದಿಲ್ಲ. ಕತ್ತಲಿರುವಾಗಲೇ ಹೊರಟು, ಆ ಮರದ ಒಂದು ಎಲೆ ಕಿತ್ತು ತಂದು ಪಂಚರ ಮುಂದಿಡಬೇಕು. ಮೇಲೆ ಕಾವಲು ಯಾರೂ ಇಲ್ಲ. ಎಲೆಯೇ ಸಾಕ್ಷಿ. ಆ ವರ್ಷ ಮಾವ ಮೊದಲು ಬಂದರು. ಪಂಚರು ಅವರ ತಲೆಗೆ ಜರಿ ರುಮಾಲು ಸುತ್ತಿದರು. ಎರಡನೆಯವರಾಗಿ ಬಂದ ಗಿರಣಿಯವರು ತಮ್ಮ ಎಲೆಯನ್ನು ಪಕ್ಕದಲ್ಲಿಟ್ಟು, "ನಂದು ಇಬ್ಬನಿಗೆ ಒದ್ದೆ ಐತೆ. ಅವಂದು ಒಣಗೈತೆ. ನಿನ್ನೆ ಹಗಲು ಕಿತ್ತು ಇಟ್ಕಂಡಿದ್ದು" ಎಂದರು. ಓಡುವಾಗ ಕೈ ಬಿಸಿಗೆ ಒಣಗಿತು ಎಂದು ಪಂಚರು ತಳ್ಳಿಹಾಕಿದರು. ಸೋತವನಿಗೆ ಸಂಕಟ ಎಂದು ಊರು ನಕ್ಕಿತು. ಅಂದಿನಿಂದ ಗಿರಣಿಯವರ ಹೆಸರೇ "ಒಣೆಲೆ" ಆಯಿತು. ಗಿರಣಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡು ಜನ ಅವರ ಬೆನ್ನಿಗೇ ಹಾಗೆ ಕರೆಯುತ್ತಿದ್ದರು. ಅವರಿಗೆ ಕೇಳಿಸುತ್ತಿತ್ತು.

ಎಲೆ ತಂದಿಡುವುದು ಯಾವಾಗ ಶುರುವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಓಟದ ಮರುದಿನವೇ ಎಂದರು ಅತ್ತೆ. ಮಾವ ತಮ್ಮ ಮದುವೆಯಲ್ಲಿ ಆ ರುಮಾಲು ಸುತ್ತಿಕೊಂಡು ಕೂತ ಮೇಲೆ ಎಂದರು ಇನ್ನೊಬ್ಬರು. ಒದ್ದೆ ಎಲೆ ಓಟದಲ್ಲಿ ಒಣಗುವುದಿಲ್ಲ ಎಂದು ತೋರಿಸುವುದಕ್ಕಾಗಿ ಅಷ್ಟು ಚಳಿಗಾಲ ಓಡಿದರು, ಅಷ್ಟು ಮಾತ್ರ ಎಲ್ಲರೂ ಒಪ್ಪುತ್ತಾರೆ.

ನನ್ನ ಹಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಟಿ.ಸಿ.ಎಚ್. ಮಾಡಿ ಮೇಷ್ಟ್ರಾಗಬೇಕು ಎಂದಿದ್ದೆ. ಮದುವೆ ಮಾತುಕತೆಯಲ್ಲಿ ಮಾವ ನನ್ನಪ್ಪನ ಕೈ ಹಿಡಿದು, "ಓದಿಸ್ತೀವಿ ಬಿಡ್ರಿ, ನಮ್ ಮನೇಗೂ ಒಬ್ರು ಟೀಚರ್ ಬೇಕು" ಎಂದಿದ್ದರು. ಮದುವೆಯಾದ ಮೇಲೆ ನೆನಪಿಸಿದರೆ, "ಎಮ್ಮೆ ಕರಿಯಾಕೆ ಟ್ರೈನಿಂಗ್ ಬೇಕಿಲ್ಲಮ್ಮ" ಎಂದರು. ಪಡಸಾಲೆಯಲ್ಲಿದ್ದ ಎಲ್ಲರೂ ನಕ್ಕರು, ನನ್ನ ಗಂಡನೂ.

ಆದ್ದರಿಂದ ನಾನು ಎಲೆಯನ್ನು ಎಮ್ಮೆಗೆ ಹಾಕಲಿಲ್ಲ. ಕೆಲವು ದಿನ ಅದು ಮಾವನ ತಟ್ಟೆಯಲ್ಲಿ ರೊಟ್ಟಿಯ ಕೆಳಗಿರುತ್ತಿತ್ತು, ಕೆಲವು ದಿನ ಮಡಚಿಟ್ಟ ಪಂಚೆಯೊಳಗೆ. ಅದು ಹೇಗೆ ಒಳಗೆ ಬಂತು ಎಂದು ಅವರು ಕೇಳುವಂತಿರಲಿಲ್ಲ. ಕೇಳಿದರೆ ಅದೇನೆಂದು ತಾವೇ ಹೇಳಬೇಕಾಗುತ್ತಿತ್ತು. ಅವರ ದವಡೆ ಒಂದು ಕ್ಷಣ ನಿಲ್ಲುವುದನ್ನು ನೋಡಲು ನಾನು ಬಾಗಿಲ ಮರೆಯಲ್ಲಿ ಕಾಯುತ್ತಿದ್ದೆ. ಅಷ್ಟು ರುಚಿ ಆ ಮನೆಯ ಯಾವ ಅಡುಗೆಯಲ್ಲೂ ನನಗೆ ಸಿಕ್ಕಲಿಲ್ಲ.

ನಮ್ಮ ಅಂಗಳದಿಂದ ಗುಡ್ಡದ ಕೊನೆಯ ಇಳಿಜಾರು ಕಾಣುತ್ತಿತ್ತು. ಕಾರೆ ಮುಳ್ಳಿನ ಪೊದೆ, ಉರುಳುವ ಕಲ್ಲು. ಅವರು ಮೊಣಕಾಲು ಬಗ್ಗಿಸಿ, ಪಾದ ಅಡ್ಡ ಇಡುತ್ತ ಇಳಿಯುತ್ತಿದ್ದರು. ಎಲೆ ಹಿಡಿದ ಕೈ ಮಾತ್ರ ದೇಹದಿಂದ ದೂರ, ಎಣ್ಣೆ ತುಂಬಿದ ಬಟ್ಟಲು ಹಿಡಿದವರ ಹಾಗೆ. "ಗುಡ್ಡದಾಗೆ ಕರಡಿ ಐತಂತಲ್ಲ, ಎದುರಾದ್ರೆ ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದೆ. "ನಿಮ್ಮಾವನ ಹೆಸ್ರು ಹೇಳ್ತೀನಿ. ನಾಚ್ಕಂಡು ಹೋಗ್ತೈತೆ" ಎಂದರು.

ಹಿಟ್ಟು ಬೀಸಿಸಲು ಹೋದಾಗ ಗಿರಣಿಯ ಹಿಂದಿದ್ದ ಅವರ ಮನೆಯನ್ನೂ ಕಂಡಿದ್ದೇನೆ. ಚಳಿಗಾಲದ ಸಂಜೆ ಅವರು ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂರುತ್ತಿದ್ದರು. ಹೆಂಡತಿ ಹರಳೆಣ್ಣೆಯಲ್ಲಿ ಮೇಣ ಕರಗಿಸಿ ಬಿರುಕಿಗೆ ತುಂಬುತ್ತ ಬೈಯುತ್ತಿದ್ದರು. "ಈ ಕಾಲು ಇಷ್ಟ್ ಸಲ ನನ್ ತವರುಮನೆ ಹೊಸಿಲಿಗೆ ಹೋಗಿದ್ರೆ ನಮ್ಮಪ್ಪ ಕುಣಿದಾಡ್ತಿದ್ದ."

"ನಿಮ್ಮಪ್ಪ ಎಲೆ ಕದ್ದಿರ್ಲಿಲ್ಲಲ್ಲೇ."

"ಕದಿಯಾಕೆ ಹೇಳ್ಬೇಕಿತ್ತು."

ಕತ್ತಲಾಗುತ್ತಲೇ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಬೆಳಗ್ಗೆ ಬೆಲ್ಲ ಕದಡಿದ ಬಿಸಿನೀರು ಬಿಟ್ಟರೆ, ಎಲೆ ತಲುಪುವವರೆಗೆ ಬಾಯಿಗೆ ಏನೂ ಇಲ್ಲ. ವಾಪಸ್ಸು ಬಂದು ಹುಚ್ಚೆಳ್ಳು ಚಟ್ನಿಯಲ್ಲಿ ಬಿಸಿ ರೊಟ್ಟಿ ತಿಂದು ಗಿರಣಿ ಚಾಲೂ ಮಾಡುತ್ತಿದ್ದರು. ಅಲ್ಲೇ ಒಂದು ದಿನ, ಹಿಟ್ಟಿನ ಡಬ್ಬಿ ಹಿಡಿದುಕೊಂಡು, ಓದಿನ ವಿಷಯವನ್ನು ಅವರಿಗೆ ಹೇಳಿದ್ದೆ.

ಅದೇ ಚಳಿಗಾಲದ ಒಂದು ಬೆಳಗ್ಗೆ ಮಾವ ಶಾಲು ಹೊದ್ದು ಜಗಲಿಯಲ್ಲಿ ಕಾದು ನಿಂತಿದ್ದರು. ಆ ಮಾತುಗಳನ್ನು ಎಷ್ಟೋ ಸಲ ಹೇಳಿ ಹೇಳಿ ನಾನೇ ತಿದ್ದಿರಬಹುದು. ನನಗೆ ಕೇಳಿಸಿದ್ದು ಹೀಗೆ.

"ಇನ್ನೂ ಎಷ್ಟ್ ವರ್ಷ ತರ್ತೀಯೋ?"

"ಮರ ಇರೋತನ್ಕ ತರ್ತೀನ್ರೀ ಯಜಮಾನ್ರೇ."

"ಮರಾನೇ ಕಡಿಸ್ತೀನಿ."

"ಕಡಿಸ್ರಿ. ಬಸಣ್ಣನ ಮರ ಕಡಿಸ್ದೋರು ಅಂತ ಅದೂ ಒಂದು ಸೇರ್ಲಿ."

"ಏನ್ ಬೇಕು ಹೇಳಿ ಸಾಯಿ."

"ಗುಡ್ಡ ಹತ್ತಿಲ್ಲ ಅಂತ ಒಪ್ಕಳ್ರಿ."

"ಹತ್ತಿದೀನಿ ಕಣೋ!" ಮಾವನ ದನಿ ಒಡೆಯಿತು. ಬೀದಿಯಲ್ಲಿ ಹಾಲಿಗೆ ಹೊರಟಿದ್ದವರು ನಿಂತರು.

ಗಿರಣಿಯವರು ಎಲೆಯನ್ನು ಜಗಲಿಯ ಮೇಲಿಟ್ಟರು. "ಹಂಗಾರೆ ಇನ್ನೊಂದ್ ಮಾತು. ಈ ಹುಡುಗೀನ ಓದಾಕೆ ಕಳಿಸ್ತೀನಿ ಅಂತ ಬೀಗರ ಕೈ ಹಿಡ್ದು ಹೇಳಿದ್ರಂತಲ್ಲ, ಕಳಿಸ್ರಿ. ಕಳಿಸಿದ್ರೆ ನಾ ಮತ್ತೆ ಈ ಬಾಗ್ಲಿಗೆ ಬರಲ್ಲ."

ನನ್ನ ಗಂಡನ ಪ್ರಕಾರ ಅವರು ನನ್ನ ಮಾತೇ ಎತ್ತಲಿಲ್ಲ. ಅತ್ತೆಯ ಪ್ರಕಾರ ಅದು ಬೇರೆ ವರ್ಷ. ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ, ನನ್ನ ಕಿವಿ ನೆಟ್ಟಗಿತ್ತು. ಹೇಗಾದರೂ ಇರಲಿ, ಮುಂದಿನ ಮುಂಗಾರಿನ ಹೊತ್ತಿಗೆ ಮಾವ ತಾವೇ ನನ್ನ ಟ್ರಂಕು ಹೊರಿಸಿಕೊಂಡು ಬಂದು ಹೊನ್ನಾಳಿ ಬಸ್ಸಿಗೆ ಹತ್ತಿಸಿದರು. ನನ್ನ ಮುಖ ನೋಡಲಿಲ್ಲ.

ಸಂಕ್ರಾಂತಿ ರಜೆಗೆ ಊರಿಗೆ ಬಂದೆ. ಬೆಳಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಎಲೆ! ಅವರು ಆಗಲೇ ಬೀದಿಯ ತಿರುವು ತಲುಪಿದ್ದರು. ಓಡಿ ಹೋಗಿ ಹಿಡಿದೆ.

"ಬರಲ್ಲ ಅಂತ ಮಾತು ಕೊಟ್ಟಿದ್ರಲ್ಲ ದೊಡ್ಡಪ್ಪಾ?"

"ನಿಮ್ಮಾವನೂ ಕೊಟ್ಟಿದ್ದ" ಎಂದು ಹಿಟ್ಟಿನ ಹುಬ್ಬು ಹಾರಿಸಿದರು. "ಮಾತು ತಪ್ಪಿದ್ರೆ ಹೆಂಗಿರ್ತೈತೆ ಅಂತ ಅವ್ನಿಗೂ ತಿಳೀಲಿ."

ನಾನು ರಸ್ತೆಯಲ್ಲೇ ನಿಂತು ನಕ್ಕೆ. ಆ ನಗುವಿಗೆ ಇವತ್ತಿಗೂ ನಾಚಿಕೆಪಟ್ಟಿಲ್ಲ.

ಓದು ಮುಗಿದು ನನಗೆ ನ್ಯಾಮತಿಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವೆ ಒಂದು ಮಾರ್ಗಶಿರದಲ್ಲಿ ಮಾವ ತೀರಿಕೊಂಡರು. ಬೆಳಗ್ಗೆ ಅಂಗಳದ ತುಂಬ ಜನ. ವಿಷಯ ತಿಳಿಯದ ಗಿರಣಿಯವರು ಎಂದಿನಂತೆ ಗುಡ್ಡದಿಂದ ಇಳಿದು ಬಂದರು. ಈಗ ಓಟವಲ್ಲ, ಒಂದು ಕಾಲೆಳೆದು ಬೇಗ ಬೇಗ ನಡೆಯುವುದು. ಜನರನ್ನು ನೋಡಿ ನಿಂತರು. ಹಿಂದಿರುಗುತ್ತಾರೆ ಎಂದುಕೊಂಡೆ. ಇಲ್ಲ. ಎಲ್ಲರೂ ನೋಡುತ್ತಿರುವಾಗ ಬಂದು, ಎಲೆಯನ್ನು ಹೊಸಿಲ ಮೇಲಿಟ್ಟು ಹೋದರು. ಅತ್ತೆ ಅದನ್ನು ಕಾಲಿಂದ ಒದ್ದರು. ಒಬ್ಬರು ಹೊಡೆಯಲು ಹೊರಟರು, ಇನ್ನೊಬ್ಬರು ತಡೆದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು.

ಆಮೇಲೆ ಅವರು ಗುಡ್ಡ ಹತ್ತಲಿಲ್ಲ. ಎರಡೋ ಮೂರೋ ಚಳಿಗಾಲ ಗಿರಣಿಯ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದು, ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಸಿಕ್ಕಿತು. ಅವರ ಹೆಂಡತಿಯನ್ನು ಕಾಣಲು ಹೋದೆ. ಅವರಿಂದಾಗಿ ನಾನು ಓದಿದೆ ಎಂದು ಹೇಳಬೇಕಿತ್ತು, ಹೇಳಿದೆ. ಮರದ ಮಾತು ಬಂತು.

"ಕೊನೆಕೊನೆಗೆ ಕಷ್ಟ ಆತವ್ವ" ಎಂದರು ಆಕೆ. "ಇಬ್ಬನಿ ಬೀಳೋದು ಹೊರಗಿನ ಕೊಂಬಿಗೆ. ಅದು ಇಳಿಜಾರಿನ ಕಡಿಗೈತೆ, ಹಾರಿ ಕೀಳ್ಬೇಕು. ಮೊಣಕಾಲು ಹೋದ್ ಮ್ಯಾಲೆ ಹಾರಾಕೆ ಎಲ್ಲಿ ಆಗ್ತೈತೆ? ಕೈಗೆ ಸಿಗೋದು ಒಳಗಿನ ಕೊಂಬಿನವು. ಅವು ಒಣಗೇ ಇರ್ತಾವೆ. ಬಂಡೆ ಕುಳಿಯಾಗೆ ನಿಂತ ನೀರಾಗೆ ಅದ್ದಿ ತರ್ತಿದ್ರು."

ಮಾವ ಕುಳ್ಳರು. ನನ್ನ ಭುಜಕ್ಕೆ ಬರುತ್ತಿದ್ದರು. ಹುಡುಗರಾಗಿದ್ದಾಗ ಹಾರಿದರೂ ಆ ಹೊರಗಿನ ಕೊಂಬು ಅವರಿಗೆ ಎಟುಕಿರಲಾರದು.

"ಒಳಗಿನ ಎಲೆ ಒಣಗಿರ್ತಾವೆ ಅಂತ ಅವ್ರಿಗೆ ಯಾವಾಗ ಗೊತ್ತಾತು?"

"ಅದ್ಯಾಕೆ ಕೇಳ್ತೀಯ?" ಆಕೆ ನನ್ನನ್ನೇ ನೋಡಿದರು. "ನಾ ಕೇಳ್ಲಿಲ್ಲ. ಅವ್ರು ಹೇಳ್ಲಿಲ್ಲ."

ಬಸ್ಸಿನಲ್ಲಿ ಕೂತು ಮಾವನ ಬಗ್ಗೆ ಮರುಕಪಡಲು ನೋಡಿದೆ. ಬರಲಿಲ್ಲ. ಎಮ್ಮೆ ಕರೆಯುವ ಮಾತೇ ನೆನಪಾಯಿತು. ಗಿರಣಿಯವರ ಮೇಲೆ ಕೋಪ ಬರುವುದೇನೋ ಎಂದು ನೋಡಿದೆ. ಅದೂ ಇಲ್ಲ. ನಾನು ಪಾಠ ಹೇಳಿ ಉಂಡ ಅನ್ನವೆಲ್ಲ ಅವರ ಹಗೆಯಿಂದ ಬಂದದ್ದು, ಅದು ಸುಳ್ಳಿನ ಮೇಲೆ ನಿಂತಿದ್ದರೂ ನಾನು ಹಿಂದಿರುಗಿಸಲಾರೆ.

ಮಾವ ಅವತ್ತು ಗುಡ್ಡ ಹತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಹತ್ತಿದ್ದಿರಬಹುದು ಎಂದು ಗಿರಣಿಯವರಿಗೆ ಮೊದಲ ವರ್ಷವೇ ಹೊಳೆದಿತ್ತೋ, ಕೊನೆಯ ವರ್ಷವೋ, ಹೊಳೆಯಲೇ ಇಲ್ಲವೋ, ಅದೂ ಗೊತ್ತಿಲ್ಲ.