ಅಮ್ಮನ ಕಾರು ಹಡಗು ಹತ್ತಿದ್ದು

ವರ್ಲೀನಳ ಮನೆಗೆ ಹೊಸದಾಗಿ ಮದುವೆಯಾದ ಹುಡುಗಿಯರು ಬರುತ್ತಲೇ ಇರುತ್ತಾರೆ. ಸೈನ್ಯದಲ್ಲಿರುವ ಗಂಡನಿಗೆ ಸಮುದ್ರದಾಚೆಗೆ ವರ್ಗವಾಗಿರುತ್ತದೆ, ಅವನು ಮುಂದೆ ಹೋಗಿಬಿಟ್ಟಿರುತ್ತಾನೆ. ಸಾಮಾನು ಕಟ್ಟಿಸುವುದು, ಕಾರನ್ನು ಬಂದರಿಗೆ ಒಯ್ದು ಹಡಗಿಗೆ ಒಪ್ಪಿಸುವುದು ಎಲ್ಲ ಹೆಂಡತಿಯ ತಲೆಗೆ. ದಂಡಿನ ಕಚೇರಿಯಲ್ಲಿ ಕೇಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಯಾರಾದರೂ ಕರುಣೆಯಿಂದ ಹೇಳುತ್ತಾರೆ, "ಮಿಸ್ ವರ್ಲೀನ್ ಹತ್ರ ಹೋಗಮ್ಮ. ಆಯಮ್ಮ ಸಾಗಿಸಿದಷ್ಟು ಕಾರು ಆ ಬಂದರಿನವರೂ ಸಾಗಿಸಿಲ್ಲ."

ವರ್ಲೀನ್ ಸಿಹಿಯಾದ ತಣ್ಣನೆಯ ಟೀ ಕೊಟ್ಟು ಕೂರಿಸುತ್ತಾಳೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಬೇಡ. ಕಾರಿನ ಹೊಟ್ಟೆಯಡಿಯ ಮಣ್ಣನ್ನೂ ತೊಳೆಸು, ಆಚೆ ದೇಶದವರು ನಮ್ಮ ಮಣ್ಣಿಗೆ ಹೆದರ್ತಾರೆ. ಒಳಗೆ ಸ್ಪೇರ್ ಚಕ್ರ, ಜ್ಯಾಕು ಬಿಟ್ಟು ಕೂದಲಿನ ಪಿನ್ನೂ ಇರಕೂಡದು. ಹಳೇ ಗೀರುಗಳನ್ನೆಲ್ಲ ನೀನೇ ಬೆರಳಿಟ್ಟು ತೋರಿಸು, ಇಲ್ಲದಿದ್ದರೆ ಹೊಸ ಗೀರಿಗೆ ನಿನ್ನ ಮಾತು ನಡೆಯಲ್ಲ. ಇಷ್ಟನ್ನೂ ಅವಳು ಪಾಠ ಒಪ್ಪಿಸಿದಂತೆ ಹೇಳಿ ಮುಗಿಸುತ್ತಾಳೆ. ಹುಡುಗಿ ಧನ್ಯವಾದ ಹೇಳಿ ಏಳುವಾಗ ಮಾತ್ರ ಯಾವ ಕಚೇರಿಯವನೂ ಕೇಳದ ಒಂದು ಪ್ರಶ್ನೆ ಕೇಳುತ್ತಾಳೆ.

"ಈ ಕಾರು ಇಲ್ಲೇ ಉಳಿದ್ರೆ ಯಾರಿಗಾದ್ರೂ ಬೇಕಾಗಿತ್ತಾ?"

ಮೊನ್ನೆ ಬಂದಿದ್ದ ಕೆಂಡ್ರಾ ಎಂಬ ಹುಡುಗಿ ನಕ್ಕುಬಿಟ್ಟಳು. "ಬೇಕಾಗಿದ್ರೆ ಕೇಳ್ತಿದ್ರಲ್ವಾ ಮಿಸ್ ವರ್ಲೀನ್!"

"ಕೇಳಲ್ಲ ಮಗಳೇ, ಬೇಕಾದವರು ಕೇಳಲ್ಲ," ಎಂದಳು ವರ್ಲೀನ್. ಮುದುಕಿಗೆ ಅಧಿಕಪ್ರಸಂಗ ಎಂದುಕೊಂಡು ಕೆಂಡ್ರಾ ಹೊರಟುಹೋದಳು. ಅದು ಅಧಿಕಪ್ರಸಂಗವಲ್ಲ.

ವರ್ಲೀನ್ ಮತ್ತು ಒಡೆಸ್ಸಾ ಅಕ್ಕತಂಗಿಯರು. ಎರಡು ರಾಜ್ಯಗಳ ನಡುವೆ ಹರಿಯುವ ನದಿಯ ಜಾರ್ಜಿಯಾ ದಡದಲ್ಲಿ ದಂಡು, ಆಸ್ಪತ್ರೆ, ಅಂಗಡಿಗಳು. ಅಲಬಾಮಾ ದಡದಲ್ಲಿ ಅವರಮ್ಮ ಅರ್ನೆಸ್ಟೀನಳ ಬಾಡಿಗೆ ಮನೆ, ಅಂಗಳದಲ್ಲೊಂದು ಪೀಕನ್ ಮರ, ಅದರ ಕೆಳಗೆ ಅವಳ ನೀಲಿ ಬ್ಯೂಕ್. ದೋಣಿಯಷ್ಟು ಉದ್ದದ ಕಾರು ಅದು. ಅಮ್ಮನೋ ಗಿಡ್ಡಿ. ಹಳೇ ಪರದೆಯ ಹಸಿರು ಮಖಮಲ್ಲು ಹರಿದು ದಪ್ಪನೆಯದೊಂದು ಮೆತ್ತೆ ಹೊಲಿದುಕೊಂಡು, ಅದರ ಮೇಲೆ ಕೂತು, ಸ್ಟಿಯರಿಂಗಿನ ಮೇಲಿಂದ ಹಣಕಿ ನೋಡುತ್ತ ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ದೂರದಿಂದ ನೋಡಿದವರಿಗೆ ಟೋಪಿಯೊಂದು ತಾನಾಗಿ ಕಾರು ಓಡಿಸುತ್ತಿದೆ ಅನ್ನಿಸುತ್ತಿತ್ತು.

ಒಡೆಸ್ಸಾ ಅಮ್ಮನ ಎತ್ತರದವಳು, ಅಮ್ಮನ ಜೊತೆಗೇ ಉಳಿದವಳು. ನದಿಯಾಚೆಯ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಬ್ಯೂಕ್‌ನಲ್ಲೇ ಹೋಗಿ ಬರುತ್ತಿದ್ದಳು. ವರ್ಲೀನ್ ಸಾರ್ಜೆಂಟ್ ಥರ್ಮನ್‌ನನ್ನು ಕಟ್ಟಿಕೊಂಡು ಊರೂರು ಸುತ್ತಿದವಳು. ಅಮ್ಮ ಕಾಯಿಲೆ ಬಿದ್ದಾಗ ಕಾರಿನ ಕಾಗದವನ್ನು ದೊಡ್ಡ ಮಗಳ ಹೆಸರಿಗೆ ಮಾಡಿಸಿದಳು. ಸೈನ್ಯದವರಿಗೆ ವಿಮೆ ಅಗ್ಗ, ಅದಕ್ಕೆ ಅಷ್ಟೇ. ಹೆಸರು ಒಬ್ಬಳದು, ಓಡಿಸುವವಳು ಇನ್ನೊಬ್ಬಳು. ಅಮ್ಮ ಬದುಕಿರುವವರೆಗೆ ಅದು ಯಾರಿಗೂ ತೊಡಕೆನಿಸಲಿಲ್ಲ.

ಅಮ್ಮ ಸತ್ತದ್ದು ಒಡೆಸ್ಸಾಳ ತೋಳಿನಲ್ಲಿ. ವರ್ಲೀನ್ ಆಗ ಕ್ಯಾನ್ಸಸ್‌ನಲ್ಲಿದ್ದಳು, ಬಂದು ಮುಟ್ಟುವಷ್ಟರಲ್ಲಿ ಶವಪೆಟ್ಟಿಗೆಯ ಬಣ್ಣವನ್ನೂ ತಂಗಿಯೇ ಆರಿಸಿಯಾಗಿತ್ತು. ಚರ್ಚಿನ ಹೆಂಗಸರೆಲ್ಲ ಒಡೆಸ್ಸಾಳನ್ನು ತಬ್ಬಿ ಅತ್ತರು. ವರ್ಲೀನಳ ಕೈ ಕುಲುಕಿ, "ದೂರದಿಂದ ಬಂದ್ರಿ, ಪಾಪ," ಅಂದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನೆಂಟರ ಹಾಗೆ ಕಂಡರು ನನ್ನನ್ನು, ನನ್ನ ಅಮ್ಮನ ಸಾವಿನಲ್ಲಿ! ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಟ್ಟು ಮುದ್ದು ಮಾಡುವುದು ಬೇಡ.

ಆ ಬೇಸಿಗೆಯಲ್ಲೇ ಥರ್ಮನ್‌ಗೆ ಜರ್ಮನಿಗೆ ವರ್ಗವಾಯಿತು. ಕುಟುಂಬಕ್ಕೊಂದರಂತೆ ಕಾರನ್ನು ಸರ್ಕಾರ ತನ್ನ ಖರ್ಚಿನಲ್ಲಿ ಸಾಗಿಸಿಕೊಡುತ್ತದೆ. ಥರ್ಮನ್‌ನ ಪಿಕಪ್ಪಿನ ತಳ ತುಕ್ಕು ಹಿಡಿದು ಜರಡಿಯಾಗಿತ್ತು, ಅದನ್ನು ಹಡಗಿಗೆ ಯಾರೂ ಹತ್ತಿಸಿಕೊಳ್ಳುತ್ತಿರಲಿಲ್ಲ.

"ಏನೂ ಕಳಿಸೋದು ಬೇಡ ಬಿಡು," ಎಂದ ಥರ್ಮನ್. "ಅಲ್ಲಿಂದ ವಾಪಸ್ ಬರೋರು ತಮ್ಮ ಹಳೇ ಡಬ್ಬಾಗಳನ್ನ ಹೋಗೋರಿಗೆ ಮಾರ್ತಾರೆ. ಒಂದು ತಗೊಂಡ್ರಾಯ್ತು."

"ಸರ್ಕಾರ ಕೊಡೋದನ್ನ ಬಿಡೋಕೆ ನನಗೇನು ತಲೆ ಕೆಟ್ಟಿದ್ಯಾ? ಬ್ಯೂಕ್ ಇದೆಯಲ್ಲ."

"ಅದು ಒಡೆಸ್ಸಾಗೆ ಬೇಕಲ್ವೇನೇ?"

"ಬೇಕಿದ್ರೆ ಕೇಳ್ತಾಳೆ. ಬಾಯಿಲ್ವಾ ಅವಳಿಗೆ?"

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ಸೈನ್ಯದ ಮನೆಗಳಲ್ಲಿ ಈ ರೋಗ ಬಲು ಬೇಗ ಹತ್ತುತ್ತದೆ. ಸಂಬಳ ಕಡಿಮೆ, ಸವಲತ್ತು ಹೆಚ್ಚು, ಬಿಟ್ಟ ಸವಲತ್ತು ಕಳೆದುಕೊಂಡ ಹಣ. ಇಷ್ಟು ವರ್ಷದಲ್ಲಿ ವರ್ಲೀನ್ ಒಂದನ್ನೂ ಬಿಟ್ಟವಳಲ್ಲ. ಆದರೆ ಈ ಸಲ ಒಳಗಿದ್ದದ್ದು ಬೇರೆ. ಅಮ್ಮನ ಸಾವು ತಂಗಿಗೆ ಸಿಕ್ಕಿತು, ಅಮ್ಮನ ಕಾರಾದರೂ ನನಗಿರಲಿ ಎಂಬ ಹಟ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು, ಥರ್ಮನ್ ಎಲ್ಲ ಅವಳಿಗೇ ಬಿಟ್ಟು ಮುಂದಾಗಿ ವಿಮಾನ ಹತ್ತಿದ.

ಕಾರು ತೊಳೆಯುವ ದಿನ ಒಡೆಸ್ಸಾ ತಾನೇ ಬಕೆಟ್ ಹಿಡಿದು ಬಂದಳು. ಚಕ್ರದ ಮೇಲಿನ ಮಡಿಕೆಗಳಲ್ಲಿ ಅಲಬಾಮಾದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಅದನ್ನು ಕೆರೆದಳು. ಒಳಗಿನದನ್ನು ವರ್ಲೀನ್ ಖಾಲಿ ಮಾಡಿದಳು: ಚರ್ಚಿನ ರಟ್ಟಿನ ಬೀಸಣಿಗೆ, ಒಂದು ಕೈಗವಸು, ಸೀಟಿನ ಸಂದಿಯಲ್ಲಿ ಅಂಟಿಕೊಂಡ ಪೆಪ್ಪರ್‌ಮಿಂಟ್‌ಗಳು. ಅಮ್ಮ ಪ್ರವಚನ ಉದ್ದವಾದಾಗ ಇಬ್ಬರಿಗೂ ಕದ್ದು ಕೊಡುತ್ತಿದ್ದ ಪೆಪ್ಪರ್‌ಮಿಂಟ್. ಸೀಟಿಗೆ ಸೋಪು ಹಚ್ಚಿ ಉಜ್ಜಿದಳು, ನೀರು ಹೊಡೆದಳು, ಮತ್ತೆ ಉಜ್ಜಿದಳು.

"ಅಕ್ಕಾ, ಜರ್ಮನೀಲಿ ರಸ್ತೆ ತುಂಬ ಇಕ್ಕಟ್ಟಂತೆ," ಎಂದಳು ಒಡೆಸ್ಸಾ, ಚಕ್ರದ ಹಿಂದಿನಿಂದ.

"ಯಾರಂದ್ರು?"

"ಲಾಂಡ್ರೀಲಿ ಒಬ್ಳಿದಾಳೆ, ಅವಳ ಗಂಡ ಅಲ್ಲಿದ್ನಂತೆ. ಇಂಥ ಕಾರು ಅಲ್ಲಿ ಇಟ್ಕೊಳ್ಳೋದು ಅಂದ್ರೆ ಅಡುಗೆಮನೇಲಿ ಹೋರಿ ಕಟ್ಟಿದಂಗೆ ಅಂತಾಳೆ."

"ಊರೂರು ವರ್ಗ ಸುತ್ತಿದೋಳು ನಾನೋ, ಅವಳೋ?"

"ನೀನೇ ಬಿಡವ್ವ. ಜನರಲ್ ಸಾಹೇಬ್ರು ಹೇಳಿದ್ಮೇಲೆ ಮುಗೀತು," ಎಂದು ಒಡೆಸ್ಸಾ ನಕ್ಕು, ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು.

ಅವಳು ಕೇಳಿದ್ದು ಅಷ್ಟೇ. ನಮ್ಮವರ ಮುಂದೆ ಕೈಚಾಚಬೇಡಿ, ನಮ್ಮವರಾದರೆ ಅವರಿಗೇ ಗೊತ್ತಾಗುತ್ತದೆ ಎಂದು ಅಮ್ಮ ಇಬ್ಬರಿಗೂ ಹೇಳಿಕೊಟ್ಟಿದ್ದಳು. ವರ್ಲೀನಳಿಗೆ ಗೊತ್ತಾಗಲಿಲ್ಲವೆಂದಲ್ಲ. ಬಾಯಿಬಿಟ್ಟು ಕೇಳಲಿ, ಆಗ ದೊಡ್ಡ ಮನಸ್ಸಿನಿಂದ ಕೊಡೋಣ ಎಂದು ಕಾದಳು. ಒಡೆಸ್ಸಾ ತಾನಾಗಿ ಕೊಡಲಿ ಎಂದು ಕಾದಳು. ಹಾಗೆ ಇಬ್ಬರೂ ಕಾಯುತ್ತ ಕಾರನ್ನು ಫಳಫಳ ಹೊಳೆಯುವಂತೆ ಒರೆಸಿದರು.

ಚಾರ್ಲ್ಸ್‌ಟನ್ ಬಂದರಿಗೆ ಇಡೀ ದಿನದ ದಾರಿ. ಒಡೆಸ್ಸಾ ರಜೆ ಹಾಕಿ ಜೊತೆಗೆ ಬಂದಳು. ಊರು ಹತ್ತಿರವಾದಾಗ, "ಇನ್ನು ನಾನು ಓಡಿಸ್ಲಾ?" ಅಂದಳು. ಮಡಿಲಲ್ಲಿಟ್ಟುಕೊಂಡು ಬಂದಿದ್ದ ಹಸಿರು ಮೆತ್ತೆ ಹಾಕಿಕೊಂಡು ಕೂತು, ಅಮ್ಮನ ಹಾಗೇ ಹಣಕುತ್ತ, ಬಂದರಿನ ಗೇಟಿನವರೆಗೂ ಓಡಿಸಿದಳು.

ತಪಾಸಣೆಯವನು ಟಾರ್ಚಿನ ಬೆಳಕು ಬಿಡುತ್ತ ಕಾರಿನ ಸುತ್ತ ಬಂದ. ಅಡಿಯನ್ನು ನೋಡಿದ, ಡಿಕ್ಕಿ ತೆಗೆದ. "ಇಷ್ಟು ಚೊಕ್ಕ ಕಾರು ನಾನು ನೋಡೇ ಇಲ್ಲ ಮೇಡಂ," ಎಂದ. ವರ್ಲೀನ್ ಉಬ್ಬಿದಳು. ಅಷ್ಟರಲ್ಲಿ ಅವನು ಡ್ರೈವರ್ ಸೀಟಿನ ಬಾಗಿಲು ತೆಗೆದ. "ಇದೇನಿದು? ಇದು ಹೋಗಲ್ಲ. ಒಳಗೇನೂ ಇರೋ ಹಾಗಿಲ್ಲ."

ಊರಿಗೆಲ್ಲ ಬುದ್ಧಿ ಹೇಳುವವಳ ಮುಖ ಕೆಂಪಾಯಿತು. ಮೆತ್ತೆಯನ್ನು ಸರಕ್ಕನೆ ಎಳೆದು ತಂಗಿಯ ಕೈಗೆ ತುರುಕಿದಳು. "ಹಿಡ್ಕೋ ಇದನ್ನ!"

ಒಡೆಸ್ಸಾ ಅದನ್ನು ಎದೆಗೊತ್ತಿಕೊಂಡು ತಪಾಸಣೆಯವನ ಕಡೆ ತಿರುಗಿದಳು. "ನೋಡಿದ್ರಾ ಸಾರ್, ಅಮ್ಮನ ಆಸ್ತಿ ಪಾಲಾಯ್ತು. ಅಕ್ಕಂಗೆ ಕಾರು, ನಂಗೆ ಮೆತ್ತೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ವರ್ಲೀನಳೂ ನಕ್ಕಳು. ಕೀಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಆ ಗಳಿಗೆಯಲ್ಲಿ ಬೇಡವೆಂದಿದ್ದರೆ, ಸುಮ್ಮನೆ ಕಾರು ತಿರುಗಿಸಿ ಇಬ್ಬರೂ ಮನೆಗೆ ಬಂದಿದ್ದರೆ! ಎಷ್ಟೋ ವರ್ಷ ಅವಳು ಮನಸ್ಸಿನಲ್ಲಿ ಹಾಗೆ ಕಾರು ತಿರುಗಿಸಿದ್ದಾಳೆ. ಆದರೆ ಅವತ್ತು ಕೀಲಿ ಕೊಟ್ಟಳು. ವಾಪಸ್ ಬಸ್ಸಿನಲ್ಲಿ ಒಡೆಸ್ಸಾ ಮೆತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ಅಥವಾ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಳು.

ಲಾಂಡ್ರಿಯವಳ ಮಾತು ಸುಳ್ಳಾಗಲಿಲ್ಲ. ಜರ್ಮನಿಯ ಆ ಹಳ್ಳಿಯ ಓಣಿಯಲ್ಲಿ ಬ್ಯೂಕ್ ತಿರುಗಲಾರದೆ ಒಮ್ಮೆ ಹಾಲಿನ ಗಾಡಿಯನ್ನು ಅಡ್ಡಗಟ್ಟಿ ನಿಂತಿತು, ಊರೆಲ್ಲ ಕಿಟಕಿ ತೆಗೆದು ನೋಡಿತು. ಥರ್ಮನ್ ಹೋಗಿ, ವಾಪಸ್ ಹೊರಟಿದ್ದ ಯಾವನೋ ಸಿಪಾಯಿಯಿಂದ ಒಂದು ಪುಟ್ಟ ಡಬ್ಬಾ ಕೊಂಡು ತಂದ. ಬ್ಯೂಕ್ ಮನೆಯ ಪಕ್ಕದ ಗೋಡೆಗೆ ಒರಗಿ ನಿಂತುಬಿಟ್ಟಿತು. ವರ್ಲೀನ್ ಶನಿವಾರ ಅದರೊಳಗೆ ಕೂತು, ಎಂಜಿನ್ ಶುರು ಮಾಡಿ, ಅಮ್ಮನ ವಾಸನೆಗಾಗಿ ಮೂಸುತ್ತಿದ್ದಳು. ಬರೀ ಸೋಪಿನ ವಾಸನೆ. ಅಮ್ಮ ಬೇಕೆಂದು ಕಾರು ತಂದವಳು ತಾನೇ ಕೈಯಾರೆ ಅಮ್ಮನನ್ನು ಉಜ್ಜಿ ತೊಳೆದು ಚರಂಡಿಗೆ ಬಿಟ್ಟಿದ್ದಳು.

ಒಡೆಸ್ಸಾ ಯಾವಾಗಲೋ ಒಮ್ಮೆ ಆಸ್ಪತ್ರೆಯ ಫೋನಿನಿಂದ ಮಾತಾಡುತ್ತಿದ್ದಳು. ಮನೆಯ ಫೋನ್ ತೆಗೆಸಿಬಿಟ್ಟೆ, ದಂಡ ಅದು, ನಾನೇ ಮಾಡ್ತೀನಿ ಅಂದಿದ್ದಳು.

"ಕೆಲಸಕ್ಕೆ ಹೆಂಗೆ ಹೋಗ್ತೀಯೇ?"

"ಹೋಗ್ತೀನಕ್ಕ."

ವರ್ಲೀನ್ ಅದಕ್ಕಿಂತ ಹೆಚ್ಚು ಕೆದಕಲಿಲ್ಲ. ಉತ್ತರ ಬೇಡವಾದಾಗ ಪ್ರಶ್ನೆ ಚಿಕ್ಕದಾಗಿಯೇ ಇರುತ್ತದೆ.

ಮೂರು ವರ್ಷ ಕಳೆದು ಥರ್ಮನ್‌ಗೆ ನದಿದಡದ ಅದೇ ದಂಡಿಗೆ ವರ್ಗವಾಯಿತು. ಬ್ಯೂಕ್ ಮತ್ತೆ ಸಮುದ್ರ ದಾಟಿ ಬಂತು. ವರ್ಲೀನ್ ಅದನ್ನು ಬಂದರಿನಿಂದ ಬಿಡಿಸಿಕೊಂಡು, ಈಗಲಾದರೂ ಕೀಲಿಯನ್ನು ತಂಗಿಯ ಕೈಗಿಡಬೇಕೆಂದು ನೇರ ಅಮ್ಮನ ಮನೆಗೇ ಓಡಿಸಿದಳು. ಪೀಕನ್ ಮರದ ಕೆಳಗೆ ಯಾರದೋ ಮಕ್ಕಳ ಸೈಕಲ್ ಬಿದ್ದಿತ್ತು. ಮೆಟ್ಟಿಲ ಮೇಲೆ ಗುರುತಿಲ್ಲದ ಹೆಂಗಸು ಕಾಳು ಸುಲಿಯುತ್ತ ಕೂತಿದ್ದಳು.

"ಒಡೆಸ್ಸಾನಾ? ಅವರು ಮನೆ ಬಿಟ್ಟು ಎರಡು ವರ್ಷದ ಮೇಲಾಯ್ತಲ್ಲ," ಎಂದಳು. "ಪಾಪ, ಕತ್ತಲಲ್ಲಿ ಎದ್ದು ಸೇತುವೆ ದಾಟಿ ನಡ್ಕೊಂಡೇ ಹೋಗ್ತಿದ್ರಂತೆ. ಚಳೀಲಿ ತಡ ಆಗಿ ಆಗಿ, ಇನ್ನೊಂದು ಸಲ ತಡವಾದ್ರೆ ಕೆಲಸ ಇಲ್ಲ ಅಂದ್ರಂತೆ. ಅದಕ್ಕೇ ಆಸ್ಪತ್ರೆ ಹತ್ರಾನೇ ಒಂದು ರೂಮು ಹಿಡಿದ್ರು. ಸಾಮಾನು ಹಿಡಿಸಲ್ಲ ಅಂತ ಎಲ್ಲ ಇಲ್ಲೇ ಅಂಗಳದಲ್ಲಿಟ್ಟು ಮಾರಿದ್ರು. ಹೊಲಿಗೆ ಮೆಷಿನ್ ನಾನೇ ತಗೊಂಡೆ. ಗಟ್ಟಿ ಮೆಷಿನ್ ಕಣ್ರೀ."

ಅಮ್ಮ ಮೆತ್ತೆ ಹೊಲಿದ ಮೆಷಿನ್ನು ಅದು. ಒಂದು ಕಾರು ತೆಗೆದುಕೊಂಡೆ ಅಂದುಕೊಂಡಿದ್ದಳು ವರ್ಲೀನ್, ಹಿಂದೆಯೇ ಮನೆ, ಮರ, ಒಲೆ, ಮಂಚ ಎಲ್ಲ ಹೊರಟುಹೋಗಿತ್ತು.

ಆಸ್ಪತ್ರೆಯ ಎದುರು, ಕ್ಷೌರದಂಗಡಿಯ ಮೇಲೊಂದು ರೂಮು. ಒಡೆಸ್ಸಾ ಬಾಗಿಲು ತೆಗೆದು ಅಕ್ಕನನ್ನು ನೋಡಿ ಬಿಗಿಯಾಗಿ ತಬ್ಬಿಕೊಂಡಳು. ತಂಗಿಯ ಕೂದಲು ಅರ್ಧ ನೆರೆತಿತ್ತು. ಇದ್ದ ಒಂದೇ ಕುರ್ಚಿಯ ಮೇಲೆ ಹಸಿರು ಮೆತ್ತೆ.

"ಕೂತ್ಕೋ ಅಕ್ಕ. ನಿಂತೇ ಇದೀಯಲ್ಲ."

ವರ್ಲೀನಳಿಗೆ ಅದರ ಮೇಲೆ ಕೂರಲಾಗಲಿಲ್ಲ. ಮಂಚದ ಅಂಚಿಗೆ ಕೂತು ಕೀಲಿ ಚಾಚಿದಳು. "ತಗೋ. ಆವತ್ತೂ ನಿಂದೇ ಆಗಿತ್ತು."

ಒಡೆಸ್ಸಾ ಕಿಟಕಿಯಿಂದ ಕೆಳಗೆ ನೋಡಿದಳು. "ಚೆನ್ನಾಗಿ ಇಟ್ಕೊಂಡಿದೀಯ ಕಣೇ. ಒಂದು ಗೀರಿಲ್ಲ."

"ಯಾಕೆ ಕೇಳ್ಲಿಲ್ಲ ನೀನು? ಒಂದೇ ಒಂದು ಮಾತು ಕೇಳಿದ್ರೆ..."

"ಕೇಳಿದ್ರೆ ಕೊಟ್ಟಿರ್ತಿದ್ಯಾ?"

ಹೌದು ಅನ್ನಬೇಕೆಂದಿದ್ದಳು ವರ್ಲೀನ್. ಅಳು ಬಂತು. ಒಡೆಸ್ಸಾ ಪಕ್ಕದಲ್ಲಿ ಬಂದು ಕೂತು ಬೆನ್ನು ಸವರಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೆಲಸದ ಬಿಳಿ ಅಂಗಿ ಹಾಕಿಕೊಂಡಳು.

"ಈಗ ಮಧ್ಯಾಹ್ನದ ಪಾಳಿ ಅಕ್ಕ. ಹೊರಡ್ಬೇಕು. ನೀನು ಇಲ್ಲೇ ಮಲಗಿರು, ಬೇಯಿಸಿದ ಸೊಪ್ಪಿದೆ, ಬಂದು ಕಾರ್ನ್‌ಬ್ರೆಡ್ ಮಾಡ್ತೀನಿ."

ವರ್ಲೀನ್ ದಡಬಡಿಸಿ ಎದ್ದಳು, ಕೀಲಿ ಬಿಗಿಯಾಗಿ ಹಿಡಿದುಕೊಂಡಳು. "ತಾಳು, ನಾನು ಬಿಟ್ಟು ಬರ್ತೀನಿ. ಕಾರಲ್ಲಿ ಬಾ."

ಒಡೆಸ್ಸಾ ಅಕ್ಕನ ಮುಖವನ್ನೇ ನೋಡಿದಳು. ನಗಲಿಲ್ಲ.

"ಎದುರುಗಡೇನೇ ಅಲ್ವಾ ಅಕ್ಕ," ಎಂದಳು, ಮೆಲ್ಲಗೆ.

ವರ್ಲೀನ್ ಕಿಟಕಿಯಲ್ಲಿ ನಿಂತಳು. ಕೆಳಗೆ ತಂಗಿ ಬ್ಯೂಕ್‌ನ ಪಕ್ಕದಲ್ಲಿ ನಿಂತು, ಎಡಕ್ಕೆ ಬಲಕ್ಕೆ ನೋಡಿ, ರಸ್ತೆ ದಾಟಿದಳು. ದಾಟಲು ಅವಳಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.